ವರ್ಷತೊಡಕಿನಂದು ಕೂರದ ನೇಕಾರ

"ಗುರುಗಳೇ, ದುಡಿಮೆ ಮುಗಿದ ಮೇಲೆ ಮನುಷ್ಯ ಏನು ಮಾಡಬೇಕು?"

ಹೀಗೆ ಕೇಳಿದವನು ಕೆಂಚೀರಪ್ಪ. ಅರವತ್ತು ದಾಟಿದ ಮನುಷ್ಯ. ಬೆಳಗಾಗುತ್ತಲೇ ಮನೆ ಬಿಟ್ಟು, ಬೆಟ್ಟ ಹತ್ತಿ ಮಠಕ್ಕೆ ಬಂದಿದ್ದ. ಅಂಗಡಿಯನ್ನು ಮಗನಿಗೆ ಬಿಟ್ಟಿದ್ದೇನೆ, ಮನೆಯ ಬೀಗದ ಕೈಯನ್ನು ಸೊಸೆಗೆ ಕೊಟ್ಟಿದ್ದೇನೆ ಎಂದ.

"ಅಲ್ಲಿ ನನಗೆ ಕೆಲಸವಿಲ್ಲ. ಕೆಲಸವಿಲ್ಲದ ಕಡೆ ಕೂರುವುದು ನನ್ನಿಂದಾಗದು. ಇಲ್ಲಿ ಒಂದು ವ್ರತ ಕೊಡಿ. ಉಳಿದ ಕಾಲವನ್ನು ಇಲ್ಲೇ ಸಾರ್ಥಕ ಮಾಡಿಕೊಳ್ಳುತ್ತೇನೆ."

"ವ್ರತದ ಮಾತು ಆಮೇಲೆ" ಎಂದರು ಗುರು. "ಮೊದಲು ಒಂದು ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಕೈ ಒಳ್ಳೆಯದು. ಅವನು ನೇಯ್ದ ಕಂಬಳಿ ಮಳೆಯಲ್ಲಿ ನೀರು ಬಿಡುತ್ತಿರಲಿಲ್ಲ, ಚಳಿಯಲ್ಲಿ ಗಾಳಿ ಬಿಡುತ್ತಿರಲಿಲ್ಲ. ಮಗ್ಗದ ಮುಂದೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕೂತನೆಂದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಕೂಗಿದವರೇ ಬಂದು ಭುಜ ಅಲುಗಿಸಬೇಕಿತ್ತು.

ಅವನಿಗೊಂದು ಕಟ್ಟುಪಾಡಿತ್ತು. ಯುಗಾದಿಯ ದಿನ ಎಲ್ಲರಂತೆ ಎಣ್ಣೆನೀರು ಹಾಕಿಕೊಳ್ಳುತ್ತಿದ್ದ, ಬೇವುಬೆಲ್ಲ ತಿನ್ನುತ್ತಿದ್ದ, ಒಬ್ಬಟ್ಟು ಉಣ್ಣುತ್ತಿದ್ದ. ಮರುದಿನ ವರ್ಷತೊಡಕು. ಅಂದು ಮಾಡಿದ್ದು ವರ್ಷವೆಲ್ಲ ಮನುಷ್ಯನಿಗೆ ತೊಡಕಿಕೊಳ್ಳುತ್ತದೆ ಎಂಬುದು ಹಿರಿಯರ ಮಾತು. ಅಂದು ಅತ್ತವನು ವರ್ಷವೆಲ್ಲ ಅಳುತ್ತಾನೆ, ಉಂಡವನು ವರ್ಷವೆಲ್ಲ ಉಣ್ಣುತ್ತಾನೆ. ಅದಕ್ಕೇ ಜನ ಅಂದು ಜಗಳಕ್ಕೆ ಹೋಗುವುದಿಲ್ಲ. ಬಾಡೂಟ ಮಾಡುತ್ತಾರೆ, ಮರಕ್ಕೆ ಉಯ್ಯಾಲೆ ಕಟ್ಟುತ್ತಾರೆ, ನೆರಳು ಹುಡುಕಿ ಆಟಕ್ಕೆ ಕೂರುತ್ತಾರೆ.

ನೇಕಾರ ಮಾತ್ರ ಅಂದು ಹೊತ್ತು ಹುಟ್ಟುವ ಮೊದಲೇ ಗುಂಡಿಗೆ ಇಳಿಯುತ್ತಿದ್ದ. ಹೊತ್ತು ಮುಳುಗುವವರೆಗೆ ನೇಯುತ್ತಿದ್ದ. ಅದಕ್ಕೊಂದು ಕಾರಣವಿತ್ತು. ಅವನು ಹುಡುಗನಾಗಿದ್ದಾಗ ಒಂದು ವರ್ಷತೊಡಕಿನ ದಿನ ಅವನ ಅಪ್ಪ ಇಸ್ಪೀಟಿಗೆ ಕೂತಿದ್ದ. ಆ ವರ್ಷ ಕುರಿಗಳಿಗೆ ರೋಗ ಬಂತು. ಉಣ್ಣೆ ಸಿಗಲಿಲ್ಲ. ಊರಿನ ಮಗ್ಗಗಳೆಲ್ಲ ನಿಂತವು. ಆದರೆ ಹುಡುಗನ ಕಣ್ಣಿಗೆ ಕಂಡದ್ದು ರೋಗ ಬಂದ ಕುರಿಯಲ್ಲ, ಅಪ್ಪನ ಕೈಯಲ್ಲಿದ್ದ ಇಸ್ಪೀಟಿನ ಎಲೆ.

ಅಂದಿನಿಂದ ಆ ಮನೆಯಲ್ಲಿ ವರ್ಷತೊಡಕೆಂದರೆ ದುಡಿಯುವ ದಿನವಾಯಿತು. ಹೆಂಡತಿ ಬಂದಳು, ಮಕ್ಕಳಾದರು, ಸೊಸೆಯರು ಬಂದರು. ಕಟ್ಟುಪಾಡು ಬದಲಾಗಲಿಲ್ಲ. ಮನೆ ಬೆಳೆಯಿತು. ನಾಡ ಹೆಂಚು ಹೊದ್ದಿಸಿದ ಎರಡಂಕಣದ ಮನೆ ಎದ್ದು ನಿಂತಿತು. ಇದೆಲ್ಲ ಆ ಒಂದು ದಿನದ ಫಲವೆಂದು ನೇಕಾರ ನಂಬಿದ. ಅವನ ಹಿರಿಯ ಮಗ ಅಪ್ಪನಿಗಿಂತ ಹೆಚ್ಚು ನಂಬಿದ.

ಹೀಗಿರುತ್ತ ನೇಕಾರನಿಗೆ ವಯಸ್ಸಾಯಿತು. ಕೈ ಗಟ್ಟಿಯಾಗಿತ್ತು, ಕಣ್ಣು ಚುರುಕಾಗಿತ್ತು, ಆದರೆ ಮೊಣಕಾಲು ಕೈಕೊಟ್ಟವು. ಶಿವರಾತ್ರಿಯ ಹೊತ್ತಿಗೆ ಒಮ್ಮೆ ಗುಂಡಿಗೆ ಇಳಿದವನು ಮೇಲೆ ಬರಲಾರದೆ ಕೂತುಬಿಟ್ಟ. ಮಕ್ಕಳು ಬಂದು ಕಂಕುಳಿಗೆ ಕೈಹಾಕಿ, ಬಾವಿಗೆ ಬಿದ್ದ ಕರುವನ್ನು ಎತ್ತುವ ಹಾಗೆ ಎತ್ತಿದರು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಮಗ್ಗ ಮಕ್ಕಳದಾಯಿತು.

"ದುಡಿದಿದ್ದು ಸಾಕು, ಇನ್ನು ಜಗಲಿ ಮೇಲೆ ಆರಾಮಾಗಿ ಕೂತ್ಕೋ ಅಪ್ಪ" ಎಂದ ಹಿರಿಯ ಮಗ. ಪ್ರೀತಿಯಿಂದಲೇ ಎಂದ.

ಯುಗಾದಿ ಬಂತು. ನೇಕಾರ ಬೇವುಬೆಲ್ಲ ಬಾಯಿಗೆ ಹಾಕಿಕೊಂಡ. ರುಚಿ ತಿಳಿಯಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ನಾಳೆಯೊಂದೇ. ನಾಳೆ ಕೂತರೆ ವರ್ಷವೆಲ್ಲ ಕೂರುತ್ತೇನೆ. ವರ್ಷವೆಲ್ಲ ಕೂತವನು ಆಮೇಲೆ ಏಳುವುದಿಲ್ಲ. ಹರಿದ ಕಂಬಳಿಯನ್ನು ಸುತ್ತಿ ಅಟ್ಟಕ್ಕೆ ಎಸೆಯುವ ಹಾಗೆ ನನ್ನನ್ನು ಜಗಲಿಗೆ ಎಸೆದಿರುತ್ತಾರೆ. ನಾಳೆ ಏನಾದರೂ ಒಂದು ಕೆಲಸ ಹಿಡಿಯಬೇಕು. ಯಾವ ಕೆಲಸವಾದರೂ ಸರಿ, ಕೂರಬಾರದು.

ವರ್ಷತೊಡಕಿನ ಬೆಳಿಗ್ಗೆ ಎದ್ದವನೇ ಮಗ್ಗದ ಕೋಣೆಗೆ ಹೋದ. ಕಿರಿಯ ಮಗ ಆಗಲೇ ಗುಂಡಿಯಲ್ಲಿದ್ದ.

"ಏಳೋ. ನಾಲ್ಕು ಎಳೆ ಹಾಕಿ ಎದ್ದುಬಿಡ್ತೀನಿ."

"ಇಳಿಯೋದೇನೋ ಇಳೀತೀಯ. ಎತ್ತೋರು ಯಾರು? ಅಣ್ಣ ನೂಲು ತರೋಕೆ ಹೋಗಿದಾನೆ" ಎಂದ ಮಗ. "ಕೂತ್ಕೋ ಹೋಗಪ್ಪ."

ನೇಕಾರ ಹಿತ್ತಲಿಗೆ ಹೋದ. ಅಲ್ಲಿ ಹಿರಿಯ ಸೊಸೆ ನೂಲಿಗೆ ಬಳಿಯುವ ಹುಣಸೆ ಬೀಜದ ಗಂಜಿ ಕಾಯಿಸುತ್ತಿದ್ದಳು. ಸೌಟಿಗೆ ಕೈಹಾಕಿದ.

"ಅಯ್ಯೋ ಬಿಡಿ ಮಾವ! ನೋಡಿದೋರು ಏನಂದಾರು? ಹಬ್ಬದ ದಿನವೂ ಮಾವನ ಕೈಲಿ ಗಂಜಿ ತಿರುಗಿಸ್ತಾಳೆ ಅಂತ ನನ್ನ ಮುಖಕ್ಕೆ ಮಸಿ ಬಳೀತಾರೆ. ಅಲ್ಲಿ ಮಣೆ ಹಾಕೀನಿ, ಕೂತ್ಕೊಳ್ಳಿ."

ನೇಕಾರ ಮಣೆಯನ್ನು ನೋಡಿ, ಹಾವು ಕಂಡವನಂತೆ ಬದಿಗೆ ಸರಿದು ಬೀದಿಗೆ ಇಳಿದ. ಹೊಂಗೆಮರದ ಕೆಳಗೆ ಊರಿನ ಹುಡುಗರು ಕುರಿ ಕಡಿದು, ಮುತ್ತುಗದ ಎಲೆಯ ಮೇಲೆ ಮನೆಗೊಂದು ಗುಡ್ಡೆಯಂತೆ ಬಾಡು ಹಾಕುತ್ತಿದ್ದರು. ಕುರಿ ಉಳಿದವರಿಗಿಂತ ನೇಕಾರನಿಗೆ ಚೆನ್ನಾಗಿ ಗೊತ್ತು. ಕತ್ತಿ ಕೊಡಿ ಎಂದ.

"ಅಜ್ಜ ಬಂದ್ರು, ದಾರಿ ಬಿಡ್ರೋ" ಎಂದು ಹುಡುಗರು ಎದ್ದು ನಿಂತರು. ಒಬ್ಬ ಟವಲಿನಿಂದ ಕಲ್ಲಿನ ದೂಳು ಕೊಡವಿದ. "ದೊಡ್ಡೋರು ನೀವು, ಕೂತ್ಕೊಳ್ಳಿ. ನಿಮ್ಮನೆ ಗುಡ್ಡೆಗೆ ಮೆತ್ತನೆ ಈಲಿ ತುಂಡು ಜಾಸ್ತಿ ಹಾಕ್ತೀವಿ."

ನೇಕಾರ ಅಲ್ಲಿಯೂ ಕೂರಲಿಲ್ಲ. ಬೀದಿಯ ನಡುವೆ ಬಂದು ನಿಂತ. ಜೀವನದಲ್ಲಿ ಯಾರೂ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಯಾವ ಬೈಗುಳವೂ ಅವನನ್ನು ಇಷ್ಟು ಹೆದರಿಸಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದರು. ನೇಕಾರ ಗೋಡೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಂಡ.

"ಅಜ್ಜ ಯಾಕವ್ವಾ ಕುದುರೆ ಥರ ನಿಂತ್ಕೊಂಡು ಮೇಯ್ತದೆ?" ಎಂದಿತು ಒಂದು ಮೊಮ್ಮಗು. ಸೊಸೆ ಅದರ ಬಾಯಿ ಮುಚ್ಚಿದಳು. ನೇಕಾರನ ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು. ಮುದ್ದೆಗೆ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಉಂಡ ಮೇಲೆ ಗಂಡಸರು ಮಗ್ಗಕ್ಕೆ ಹೋದರು. ಸೊಸೆಯರು ಪಾತ್ರೆಗೆ ಹೋದರು. ಹೆಂಡತಿ ಎಲ್ಲಿ ಹೋದಳು ಎಂಬುದು ನೇಕಾರನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಆ ಹೊತ್ತಿನಲ್ಲಿ ಅವನು ಗುಂಡಿಯಲ್ಲಿ ಇರುತ್ತಿದ್ದನಾದ್ದರಿಂದ ಅವಳು ಎಲ್ಲಿರುತ್ತಾಳೆಂದು ಎಂದೂ ತಿಳಿದಿರಲಿಲ್ಲ. ಮೊಣಕಾಲು ಉರಿಯುತ್ತಿದ್ದವು. ಅರ್ಧ ದಿನ ಕಳೆದಿತ್ತು. ಕೆಲಸವೂ ಸಿಕ್ಕಿಲ್ಲ, ಕೂತೂ ಇಲ್ಲ. ಹಿತ್ತಲ ಬೇಲಿಯನ್ನಾದರೂ ಬಿಗಿದು ಕಟ್ಟೋಣವೆಂದು ಹಿಂದಕ್ಕೆ ಬಂದ.

ಆಗ ಗೋಡೆಯಾಚೆ ನಗು ಕೇಳಿಸಿತು. ಹೆಂಗಸರ ನಗು. ಅದರಲ್ಲಿ ಒಂದು ತನ್ನ ಹೆಂಡತಿಯದು.

ಗೋಡೆ ಒಂದು ಕಡೆ ಕುಸಿದು ದಾರಿಯಾಗಿತ್ತು. ನೇಕಾರ ಅದನ್ನು ದಾಟಿ ಹೋದ. ನೆರೆಮನೆಯ ಹಿತ್ತಲಿನಲ್ಲಿ, ನುಗ್ಗೆಮರದ ನೆರಳಿಗೆ, ಬಟ್ಟೆ ಒಗೆಯುವ ಚಪ್ಪಡಿ ಕಲ್ಲಿನ ಸುತ್ತ ಮೂವರು ಕೂತಿದ್ದರು. ನೆರೆಮನೆಯ ಮುದುಕಿ, ಅವಳ ಸೊಸೆ, ಮತ್ತು ತನ್ನ ಹೆಂಡತಿ. ಚಪ್ಪಡಿಯ ಮೇಲೆ ಚೌಕಾಬಾರದ ಮನೆಗಳನ್ನು ಉಳಿಯಿಂದ ಕೊರೆದಿದ್ದರು. ಗೆರೆಗಳು ಸವೆದು ನುಣುಪಾಗಿದ್ದವು. ಅಷ್ಟು ಸವೆಯಬೇಕಾದರೆ ಎಷ್ಟು ಕೈ ಆಡಿರಬೇಕು ಎಂದು ನೇಕಾರ ಮನಸ್ಸಿನಲ್ಲೇ ಅಂದಾಜು ಮಾಡಿದ.

"ಸಿಕ್ಕಿಬಿದ್ಲು ಕಳ್ಳಿ!" ಎಂದಳು ನೆರೆಮನೆಯ ಮುದುಕಿ. "ಬಾ ಭಾವ. ಹೆಂಡ್ತೀನ ಹಿಡ್ಕೊಂಡು ಹೋಗೋಕೆ ಬಂದ್ಯಾ, ಜೊತೆಗೆ ಕೂರೋಕೆ ಬಂದ್ಯಾ?"

ನೇಕಾರ ಹೆಂಡತಿಯನ್ನೇ ಕೇಳಿದ. "ಎಷ್ಟು ವರ್ಷದಿಂದ ಇದು?"

"ನೀನು ಗುಂಡಿಗೆ ಇಳಿದಷ್ಟೂ ವರ್ಷ. ನೀನು ಇಳಿದೆ ಅಂದ್ರೆ ನಾನು ಗೋಡೆ ದಾಟಿದೆ ಅಂತ."

"ನನಗೆ ಒಂದು ಮಾತು ಹೇಳಲಿಲ್ಲವಲ್ಲೇ."

"ಮದುವೆಯಾದ ಮೊದಲ ವರ್ಷವೇ ಕರೆದಿದ್ದೆ, ಬಾರಯ್ಯ ಆಡೋಣ ಅಂತ. ನೀನು ಲಾಳಿ ನಿಲ್ಲಿಸದೆ ತಲೆ ಅಲ್ಲಾಡಿಸಿದೆ. ಮತ್ತೆ ಕರೆಯಲಿಲ್ಲ."

"ಇವತ್ತು ಮಾಡಿದ್ದು ವರ್ಷವೆಲ್ಲ ಅಂಟಿಕೊಳ್ತದೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತಿದ್ದೇ ಆಡಿದ್ದು ಕಣಯ್ಯ. ನೀನು ನೇಯ್ದೆ, ವರ್ಷವೆಲ್ಲ ಮನೆಗೆ ಹಿಟ್ಟು ಬಂತು. ನಾನು ನಕ್ಕೆ, ವರ್ಷವೆಲ್ಲ ನಗು ಬಂತು. ಇಲ್ಲದಿದ್ರೆ ನಿನ್ನಂಥ ಗಂಡನ ಜೊತೆ ಬಾಳಾಟ ಮಾಡ್ಕೊಂಡು ನಗೋಕಾಗ್ತಿತ್ತಾ?"

ನೆರೆಮನೆಯ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದುಕಿ ಒತ್ತಿಕೊಳ್ಳಲಿಲ್ಲ, ಗಟ್ಟಿಯಾಗಿಯೇ ನಕ್ಕಳು.

ನೇಕಾರ ನಗಲಿಲ್ಲ. ಹಳೆಯ ಸಂಜೆಗಳು ಅವನ ನೆನಪಿಗೆ ಬಂದವು. ಬೆನ್ನು ನೋವಿನಿಂದ ಗುಂಡಿ ಹತ್ತಿ ಬಂದಾಗಲೆಲ್ಲ ಒಳಗೆ ಒಲೆಯ ಹತ್ತಿರ ಒಂದು ನಗು ಇರುತ್ತಿತ್ತು. ಉಣ್ಣೆ ಕಡಿಮೆ ಸಿಕ್ಕ ವರ್ಷವೂ ಆ ನಗು ಇತ್ತು, ಮಗು ತೀರಿಹೋದ ವರ್ಷವೂ ತಡವಾಗಿಯಾದರೂ ಮರಳಿ ಬಂದಿತ್ತು. ಕಿಂಡಿಯಿಂದ ಬೆಳಕು ಬರುವ ಹಾಗೆ ಅದು ತಾನಾಗಿ ಬರುತ್ತದೆ ಎಂದುಕೊಂಡಿದ್ದ. ಅದನ್ನೂ ಯಾರೋ ವರ್ಷಕ್ಕೊಮ್ಮೆ ಇಲ್ಲಿ ಕೂತು ನೇಯುತ್ತಿದ್ದರು ಎಂಬುದು ಅವನಿಗೆ ಹೊಳೆದಿರಲಿಲ್ಲ.

"ನಾಲ್ಕನೇಯೋಳು ಈ ಸಲ ಮಗಳ ಬಾಣಂತನಕ್ಕೆ ಹೋಗವ್ಳೆ" ಎಂದಳು ಮುದುಕಿ. "ಮೂರು ಜನಕ್ಕೆ ಆಟ ಕಳೆಗಟ್ಟೋದಿಲ್ಲ. ಕೂತ್ಕೋ ಭಾವ."

ಬೆಳಗಿನಿಂದ ಎಲ್ಲರೂ ಅವನಿಗೆ ಹೇಳಿದ್ದು ಇದೇ ಮಾತು. ಆದರೆ ಅವರೆಲ್ಲ ಕೆಲಸಕ್ಕೆ ಅಡ್ಡ ಬರಬೇಡ ಎಂದು ಕೂರಿಸಲು ನೋಡಿದ್ದರು. ಇವಳು ಅವನಿಲ್ಲದೆ ಆಟ ನಡೆಯದು ಎಂದು ಕೂರಿಸುತ್ತಿದ್ದಳು.

"ನನಗೆ ಆಡೋಕೆ ಬರೋದಿಲ್ಲ" ಎಂದ.

"ಹುಟ್ಟಿದಾಗ ನೇಯೋಕೆ ಬರ್ತಿತ್ತಾ?" ಎಂದಳು ಹೆಂಡತಿ.

"ಇವತ್ತು ಕೂತು ಆಡಿದ್ರೆ ವರ್ಷವೆಲ್ಲ ನಿನ್ನ ಜೊತೆ ಕೂತು ಆಡ್ತಾ ಇರ್ತೀನಿ, ನೋಡು."

"ಹೂಂ" ಎಂದಳು ಹೆಂಡತಿ. "ಅದೇ ನನ್ನ ಆಸೆ."

ಈ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ. ನೇಕಾರ ಅವಳ ಮುಖವನ್ನು ನೋಡಿದ. ಆಮೇಲೆ ಚಪ್ಪಡಿಯ ಅಂಚಿಗೆ ಕೈಯೂರಿ ಮೆಲ್ಲಗೆ ಕೆಳಗೆ ಇಳಿದ. ಮೊಣಕಾಲು ಒಣಸೌದೆಯಂತೆ ಲಟಕ್ ಎಂದಿತು. ಕೂತ.

ಅವನಿಗೆ ನಾಲ್ಕು ಹುಣಸೆ ಬೀಜ ಕೊಟ್ಟರು. ಗಂಜಿ ಕಾಯಿಸುವುದಕ್ಕಲ್ಲದೆ ಹುಣಸೆ ಬೀಜಕ್ಕೆ ಬೇರೆ ಕೆಲಸವಿದೆಯೆಂದು ಅವನಿಗೆ ತಿಳಿದದ್ದು ಅಂದೇ. ಕವಡೆ ಹಾಕುವುದನ್ನು ಹೆಂಡತಿ ತೋರಿಸಿಕೊಟ್ಟಳು. ಮೊದಮೊದಲು ಅವನು ತನ್ನ ಕಾಯಿಗಳನ್ನು ಯಾರೂ ಹೊಡೆಯಲಾಗದ ಕಟ್ಟೆಯಿಂದ ಹೊರಗೆ ಬಿಡಲೇ ಇಲ್ಲ.

"ಅಲ್ಲೇ ಕೂಡಿಟ್ರೆ ಮೊಳಕೆ ಬರ್ತವೆ ಭಾವ" ಎಂದಳು ಮುದುಕಿ. "ಹೊರಗೆ ಬಿಡು. ಹೊಡೆಸ್ಕೊಂಡ್ರೆ ಹೊಡೆಸ್ಕೊಳ್ಳಲಿ. ಪ್ರಾಣವೇನೂ ಹೋಗಾಕಿಲ್ಲ."

ಬಿಟ್ಟ. ಹೊಡೆಸಿಕೊಂಡ. ಮತ್ತೆ ಬಿಟ್ಟ. ಮತ್ತೆ ಹೊಡೆಸಿಕೊಂಡ. ಹೊಡೆದವಳು ಹೆಂಡತಿಯೇ. ಆ ನಡುವೆ ಒಮ್ಮೆ ಮಗುಚಿ ಬಿದ್ದ ಕವಡೆಯನ್ನು ಕಿರುಬೆರಳಿನಿಂದ ಮೆಲ್ಲಗೆ ಅಂಗಾತ ಮಾಡಲು ನೋಡಿದ. ಮೂವರು ಹೆಂಗಸರೂ ಒಟ್ಟಿಗೆ ಅವನ ಕೈ ಹಿಡಿದರು. ಅದುವರೆಗೆ ಯಾರಿಗೂ ಒಂದು ಎಳೆ ನೂಲಿನಷ್ಟೂ ಮೋಸ ಮಾಡದ ಮನುಷ್ಯ ಕಿವಿಯವರೆಗೆ ಕೆಂಪಾದ. ಆಮೇಲೆ ಅವನಿಗೇ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

ಮಗ್ಗದ ಕೋಣೆಯಲ್ಲಿ ಲಾಳಿ ನಿಂತಿತು. ಅಪ್ಪನಿಗೆ ಏನೋ ಆಯಿತೆಂದು ಹಿರಿಯ ಮಗ ಓಡಿ ಬಂದ. ಕುಸಿದ ಗೋಡೆಯ ಬಳಿ ನಿಂತು ನೋಡಿದ. ಅವನ ಮುಖ ಬಿಗಿಯಿತು.

"ಏನಪ್ಪಾ ಇದು? ಇಸ್ಪೀಟಾಡಿದ ತಾತನ ಕತೆ ವರ್ಷವರ್ಷವೂ ಹೇಳ್ತಿದ್ದೋನು ನೀನೇ ಅಲ್ವಾ? ಈಗ ನೀನೇ ಹೀಗೆ ಕೂತರೆ ಮನೆ ಉಳೀತದಾ?"

ಹೆಂಡತಿ ತಲೆ ತಗ್ಗಿಸಿ ಕವಡೆಗಳನ್ನು ಒಟ್ಟು ಮಾಡತೊಡಗಿದಳು. ಆಟ ಮುಗಿಯಿತೆಂದು ಅವಳು ತಿಳಿದಳು.

ನೇಕಾರ ಮಗನನ್ನು ನೋಡಿದ. ಆಡುತ್ತಿದ್ದ ಬಾಯಿ ಮಗನದು, ಮಾತು ತನ್ನದು. ಇಷ್ಟು ವರ್ಷ ಈ ಮಾತನ್ನು ತಾನು ಆಡಿದ್ದ, ಕೇಳಿರಲಿಲ್ಲ. ಈಗ ಕೇಳಿದಾಗ ಅದು ಗಂಜಿ ಹೆಚ್ಚಾದ ಕಂಬಳಿಯಂತೆ ಇತ್ತು. ಬೆಚ್ಚಗಿರಬಹುದು, ಆದರೆ ಮೈಗೆ ಚುಚ್ಚುತ್ತಿತ್ತು. ಏಳಬೇಕೆಂದರೆ ಏಳಬಹುದಿತ್ತು. ಎದ್ದರೆ ಮಗ ಮರ್ಯಾದೆಯಿಂದ ಕೈಹಿಡಿದು ಜಗಲಿಗೆ ಕರೆದುಕೊಂಡು ಹೋಗುತ್ತಿದ್ದ.

"ನಾನೇ ಹೇಳಿದ್ದು ಮಗ" ಎಂದ ನೇಕಾರ. "ಈಗ ಮಗ್ಗ ನಿನ್ನದು. ಹೋಗಿ ನೇಯಿ, ಚೆನ್ನಾಗಿ ನೇಯಿ. ನಾನು ನೇಯ್ದದ್ದಾಯಿತು. ಸ್ವಲ್ಪ ಆಚೆ ನಿಂತ್ಕೋ, ನಿನ್ನ ನೆರಳು ಮನೆಗಳ ಮೇಲೆ ಬೀಳ್ತಾ ಇದೆ. ನಿಮ್ಮವ್ವನ ಕಾಯಿ ಕಾಣ್ತಾ ಇಲ್ಲ."

ಹೆಂಡತಿಯ ಮುಷ್ಟಿ ಬಿಡಿಸಿ ಕವಡೆಗಳನ್ನು ತೆಗೆದುಕೊಂಡ. ಅಂಗೈಯಲ್ಲಿ ಕುಲುಕಿ ಹಾಕಿದ. ನಾಲ್ಕೂ ಅಂಗಾತ ಬಿದ್ದವು. ನಾಲ್ಕು ಮನೆ ನಡೆಸಿ, ನಡುಮನೆಗೆ ಎರಡು ಹೆಜ್ಜೆಯಲ್ಲಿದ್ದ ಹೆಂಡತಿಯ ಕಾಯಿಯನ್ನು ಹೊಡೆದ.

"ಅಯ್ಯೋ, ನಿನ್ನ ಕೈ ಸೇದಿಹೋಗ!" ಎಂದು ಹೆಂಡತಿ ಕೂಗಿದಳು. "ಹಣ್ಣಾಗೋ ಕಾಯಿ ಕಣಯ್ಯ ಅದು! ಹಬ್ಬದ ದಿನ ಕಟ್ಟಿಕೊಂಡೋಳ ಮೇಲೆ ಕರುಣೆ ಬೇಡವಾ?"

"ಕರುಣೆ ನಾಳೆಯಿಂದ" ಎಂದ ನೇಕಾರ.

ಮುದುಕಿ ಚಪ್ಪಡಿಯನ್ನು ಗುದ್ದಿ ನಕ್ಕಳು. ನೇಕಾರ ಮಗನ ಕಡೆ ಮತ್ತೆ ನೋಡಲಿಲ್ಲ. ಮಗ ತಿರುಗಿ ಹೋದ. ಒಳಗೆ ಲಾಳಿಯ ಸದ್ದು ಮತ್ತೆ ಕೇಳಿಸಿತು. ಆದರೆ ಹೋಗುವಾಗ ಅವನು ಹಿತ್ತಲ ಬಾಗಿಲನ್ನು ಹಾಕಲಿಲ್ಲ. ನಗು ಒಳಗೆ ಬರಲೆಂದು ಅಗಲವಾಗಿ ತೆರೆದೇ ಬಿಟ್ಟ.

ಸಂಜೆ ಪಡುವಣದಲ್ಲಿ ಹೊಸ ವರ್ಷದ ಚಂದ್ರ ಎಳೆಯಾಗಿ ಕಂಡ. ಮಕ್ಕಳು, ಸೊಸೆಯರು ಚಂದ್ರನಿಗೆ ಕೈಮುಗಿದು, ಹಿರಿಯರ ಕಾಲಿಗೆ ಬೀಳಲು ಜಗಲಿಯ ಬಳಿ ಬಂದರು. ಜಗಲಿ ಖಾಲಿಯಿತ್ತು. ಅವರೇ ಗೋಡೆ ದಾಟಿ ನುಗ್ಗೆಮರದ ಕೆಳಗೆ ಬಂದು ಕಾಲಿಗೆ ಬೀಳಬೇಕಾಯಿತು. ನೇಕಾರ ಒಂದು ಕೈಯಲ್ಲಿ ಹರಸಿದ. ಇನ್ನೊಂದು ಕೈಯಲ್ಲಿ ಕವಡೆ ಇದ್ದವು.

ಹಿರಿಯರ ಮಾತು ಸುಳ್ಳಾಗಲಿಲ್ಲ. ಅಂದು ಮಾಡಿದ್ದು ವರ್ಷವೆಲ್ಲ ಅವನಿಗೆ ತೊಡಕಿಕೊಂಡಿತು. ಹೆಂಡತಿಯ ಜೊತೆ ಕೆರೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತ. ಹಿಂದೆ ಕಂಬಳಿ ಮಾರಲು ಮಾತ್ರ ಹೋಗುತ್ತಿದ್ದ ಊರುಗಳಿಗೆ ಮಾರುವ ಕಂಬಳಿಯಿಲ್ಲದೆ ಹೋಗಿ, ನೆಂಟರ ಮನೆಯಲ್ಲಿ ಉಂಡು ಬಂದ. ಮೊಮ್ಮಕ್ಕಳಿಗೆ ನೇಯ್ಗೆ ಕಲಿಸಿದ. ಅವು ಅವನಿಗೆ ಗಾಳಿಪಟ ಕಲಿಸಿದವು. ಮಗ್ಗದಲ್ಲಿ ನೂಲು ಸಿಕ್ಕಾದಾಗ ಮಕ್ಕಳು ಬಂದು ಕರೆಯುತ್ತಿದ್ದರು. ಹೋಗಿ ಬಿಡಿಸಿಕೊಟ್ಟು ಬರುತ್ತಿದ್ದ. ಚೌಕಾಬಾರದಲ್ಲಿ ಮಾತ್ರ ಅವನು ಗೆದ್ದದ್ದು ಕಡಿಮೆ. ಗೆದ್ದ ದಿನ ಹೆಂಡತಿ ಮುನಿಸಿಕೊಳ್ಳುತ್ತಿದ್ದಳು. ಮುನಿದವಳನ್ನು ಸಮಾಧಾನ ಮಾಡುವುದು ಅವನಿಗೆ ಹೊಸ ಕೆಲಸವಾಯಿತು. ಅದು ನೇಯ್ಗೆಗಿಂತ ಕಷ್ಟವೆಂದು ಊರಿನವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕೆಂಚೀರಪ್ಪ ಇನ್ನೇನಾದರೂ ಹೇಳುವರೇ ಎಂದು ಕಾದ.

"ಕತೆ ಚೆನ್ನಾಗಿದೆ ಗುರುಗಳೇ" ಎಂದ. "ಆದರೆ ನನಗೆ ಯಾವ ವ್ರತವೆಂದು ಹೇಳಲಿಲ್ಲ."

"ಇವತ್ತು ವರ್ಷತೊಡಕು ಕೆಂಚೀರಪ್ಪ, ನಿನ್ನ ಮನೆಯಲ್ಲಿ ಆಟಕ್ಕೆ ಒಬ್ಬರು ಕಡಿಮೆಯಿದ್ದಾರೆ" ಎಂದರು ಗುರು.

ಕೆಂಚೀರಪ್ಪ ಎದ್ದು ಕೈಮುಗಿದು, ಬೆಟ್ಟ ಇಳಿದು ಮನೆಯ ದಾರಿ ಹಿಡಿದ.